ರೈಟಕ್ಕನ ಹುಡುಗಿಯರು ಕಟ್ಟಿದ ಸೇತುವೆ

ಬಸ್ ಕಂಡಕ್ಟರ್ ಆಗಿದ್ದ ಆಕೆಯನ್ನು ಡಿಪೋ ಕ್ವಾರ್ಟರ್ಸಿನ ಮಕ್ಕಳೆಲ್ಲ ರೈಟಕ್ಕ ಎಂದೇ ಕರೆಯುತ್ತಿದ್ದರು. ಬಸ್ಸು ಹೊರಡಿಸುವಾಗ ಆಕೆ ಕೂಗುವ 'ರೈಟ್' ಆಚೆ ಬೀದಿಗೂ ಕೇಳುತ್ತಿತ್ತು. ಶಾಲೆಯಲ್ಲಿದ್ದಾಗ ಆಕೆ ಸ್ಕೌಟ್ಸ್-ಗೈಡ್ಸ್ ದಳದಲ್ಲಿ ಗೈಡ್ ಆಗಿದ್ದಳು. ಆದರೆ ಶಿಬಿರದ ಹೊತ್ತಿಗೆ ಅಪ್ಪ, "ಹೆಣ್ಣುಮಗಳು ಕಾಡುಮೇಡಲ್ಲಿ ಮಲಗೋದು ಬೇಡ" ಎಂದುಬಿಟ್ಟರು. ಗೆಳತಿಯರಿದ್ದ ಲಾರಿ ತಿರುವಿನಲ್ಲಿ ಮರೆಯಾಗುವವರೆಗೂ ಗೇಟು ಹಿಡಿದು ನಿಂತದ್ದನ್ನು ಆಕೆ ಮರೆಯಲಿಲ್ಲ.

ನೌಕರಿ ಕಾಯಂ ಆದ ವರ್ಷವೇ ಗೈಡ್ ಕ್ಯಾಪ್ಟನ್ ತರಬೇತಿ ಮುಗಿಸಿದಳು. ಡಿಪೋ ಮ್ಯಾನೇಜರರ ಬೆನ್ನು ಬಿದ್ದು, ಹಳೆ ಟೈರು ತುಂಬಿದ್ದ ಕೋಣೆಯೊಂದನ್ನು ಪಡೆದಳು. ಕ್ವಾರ್ಟರ್ಸಿನ ಹುಡುಗಿಯರು ಟೈರು ಹೊರಗುರುಳಿಸಿ, ನೆಲದ ಗ್ರೀಸು ಕೆರೆದು ತೊಳೆದರು. ಭಾನುವಾರ ಸಂಜೆ ಅಲ್ಲಿ ಗಂಟು ಕಟ್ಟುವುದು, ಗಾಯಕ್ಕೆ ಪಟ್ಟಿ ಸುತ್ತುವುದು, ನಕ್ಷೆ ಓದುವುದು ಶುರುವಾಯಿತು. ಯಾರ ತಕರಾರೂ ಇರಲಿಲ್ಲ. ಮೂರು ರಾತ್ರಿಯ ಜಿಲ್ಲಾ ಶಿಬಿರ ಅಂದದ್ದೇ ತಡ, ತಾಯಂದಿರ ಮುಖ ಗಂಟಾಯಿತು.

ಎಲ್ಲರಿಗಿಂತ ಗಟ್ಟಿ ಪಿಂಡವೆಂದರೆ ಡ್ರೈವರಜ್ಜಿ, ಅಂದರೆ ಡ್ರೈವರೊಬ್ಬನ ತಾಯಿ. ತಂಡದ ನಾಯಕಿ ಅವಳ ಮೊಮ್ಮಗಳು. ಅಜ್ಜಿ ಹೂಂ ಅನ್ನದೆ ಉಳಿದವರಾರೂ ಹೂಂ ಅನ್ನುವಂತಿರಲಿಲ್ಲ.

"ಜವಾಬ್ದಾರಿ ನಂದು ಅಜ್ಜಿ," ಎಂದಳು ರೈಟಕ್ಕ.

"ಹೇಳೋಕೇನಮ್ಮ, ಬಾಯಿಗೇನು ಬಾಡಿಗೆ ಕೊಡ್ಬೇಕಾ?"

"ಹಾಗಾದ್ರೆ ನೀವೂ ಬನ್ನಿ. ಕಣ್ಣಾರೆ ನೋಡಿ. ಸರಿ ಕಾಣದಿದ್ರೆ ಎಲ್ಲರನ್ನೂ ಅವತ್ತೇ ವಾಪಸ್ ಕರ್ಕೊಂಡು ಬರ್ತೀನಿ."

"ಬರಲ್ಲ ಅಂದ್ಕೊಂಡ್ಯಾ?" ಎಂದ ಅಜ್ಜಿ, ಕಂಬಳಿ ಸುತ್ತಿಕೊಂಡು ಹೊರಟೇಬಿಟ್ಟಳು.

ಶಿಬಿರದ ಎರಡನೆಯ ದಿನ ಸೇತುವೆ ಕಟ್ಟುವ ಸ್ಪರ್ಧೆ. ಮೊಳೆಯಿಲ್ಲ, ತಂತಿಯಿಲ್ಲ, ಬರೀ ಕಂಬ ಮತ್ತು ಹಗ್ಗದಿಂದ ಕಾಲುವೆ ದಾಟಬೇಕು. ಕ್ಯಾಪ್ಟನ್ನರು ಕೈ ಹಾಕುವಂತಿಲ್ಲ, ತುಟಿ ಬಿಚ್ಚುವಂತಿಲ್ಲ. ರೈಟಕ್ಕನ ಹುಡುಗಿಯರದೇ ಮೊದಲು ಮುಗಿಯಿತು. ನಾಯಕಿ ನಡುವಿಗೆ ಬರುತ್ತಲೇ ಅಡ್ಡಕಂಬ ಜಾರಿ, ಅವಳು ಮೊಣಕಾಲುದ್ದದ ನೀರಿಗೆ ಬಿದ್ದಳು. ಪಕ್ಕದ ತಂಡದವರು ಗೊಳ್ಳೆಂದು ನಕ್ಕರು. ಹುಡುಗಿ ಕ್ಯಾಪ್ಟನ್ ಕಡೆ ನೋಡಿದಳು. ರೈಟಕ್ಕ ಕೈ ಬೆನ್ನಹಿಂದೆ ಕಟ್ಟಿಕೊಂಡು, ಹಲ್ಲು ಕಚ್ಚಿ ನಿಂತಿದ್ದಳು. ಎಲ್ಲಿ ತಪ್ಪಿದೆ ಎಂದು ಅವಳಿಗೆ ಕಾಣುತ್ತಿತ್ತು, ಹೇಳುವಂತಿರಲಿಲ್ಲ.

"ಮೇಲೆ ಮೇಲೆ ಬಿಗಿಯೋದು ಬೇಡ ಕಣ್ರೇ," ಎಂದಳು ಹುಡುಗಿ ಮುಖ ಒರೆಸಿಕೊಂಡು. "ಪೂರ್ತಿ ಬಿಚ್ಚಿ."

ಬಿಚ್ಚಿದರು. ಒದ್ದೆ ಹಗ್ಗ ಅಂಗೈ ತರಚಿದರೂ ಒಬ್ಬಳು ಎಳೆದರೆ ಇನ್ನೊಬ್ಬಳು ಹಿಡಿದು, ಒಂದೊಂದು ಸುತ್ತನ್ನೂ ಒದ್ದು ನೋಡಿ ಮುಂದೆ ಹೋದರು. ಸಮಯ ಮುಗಿಯುವಷ್ಟರಲ್ಲಿ ಸೇತುವೆ ನಿಂತಿತ್ತು.

"ಯಾರು ದಾಟ್ತೀರಿ?" ಎಂದರು ತೀರ್ಪುಗಾರರು.

ಡ್ರೈವರಜ್ಜಿ ಚಪ್ಪಲಿ ಬಿಟ್ಟು ಮುಂದೆ ಬಂದಳು.

"ಅಜ್ಜಿ, ನೀವು ಬೇಡ," ಎಂದು ತೀರ್ಪುಗಾರರು ಅಡ್ಡ ಬಂದರು.

"ಕಟ್ಟಿದ್ದು ನಮ್ಮ ಹುಡುಗೀರು. ನೀವು ಸ್ವಲ್ಪ ಪಕ್ಕಕ್ಕೆ ಸರೀರಿ."

ಕಂಬಗಳು ಕಿರುಗುಟ್ಟಿದವು, ಕದಲಲಿಲ್ಲ. ಆಚೆ ದಡ ಮುಟ್ಟಿದ ಅಜ್ಜಿ ತಿರುಗಿ, ಅದರ ಮೇಲೇ ವಾಪಸ್ ಬಂದಳು. ಎರಡನೆಯ ಬಹುಮಾನ ಎಂದಾಗ ಮೊದಲನೆಯದಕ್ಕಾಗಿ ಜಗಳಕ್ಕೆ ನಿಂತವಳೂ ಅವಳೇ; ರೈಟಕ್ಕನೇ ಸಮಾಧಾನ ಮಾಡಬೇಕಾಯಿತು.

ಆಮೇಲಿನ ವರ್ಷಗಳಲ್ಲಿ ಆ ಕೋಣೆಯ ಹುಡುಗಿಯರು ದೊಡ್ಡ ದೊಡ್ಡ ಬ್ಯಾಡ್ಜುಗಳನ್ನೇ ಗೆದ್ದರು. ಅಜ್ಜಿಯ ಮೊಮ್ಮಗಳು ಈಗ ನರ್ಸ್; ರಜೆಯಿದ್ದಾಗ ಬಂದು ಪಟ್ಟಿ ಸುತ್ತುವುದನ್ನು ಕಲಿಸುತ್ತಾಳೆ. ಹೊಸದಾಗಿ ಸೇರಿದ ಮೆಕ್ಯಾನಿಕ್‌ನ ಮಗಳನ್ನು ಶಿಬಿರಕ್ಕೆ ಕಳಿಸಲು ಅವಳಪ್ಪ ಇನ್ನೂ ಒಪ್ಪಿಲ್ಲ. ರೈಟಕ್ಕ ಎರಡು ಸಲ ಅವರ ಮನೆಗೆ ಹೋಗಿ ಬಂದಿದ್ದಾಳೆ. ಇವತ್ತು ಡ್ಯೂಟಿ ಮುಗಿಸಿ ಮತ್ತೆ ಹೋಗುತ್ತಾಳೆ.