ಕಲ್ಲುಗೋರಿಯ ನಡುವೆ ನನ್ನ ಮಗಳು

ಇಸವಿ ಎರಡು ಸಾವಿರದ ಐದೋ ಆರೋ ಇರಬೇಕು. ಕಾಲೇಜಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾಗಿದ್ದ ಚಿಂತಾಮಣಿ ಕಡೆಯ ಮೇಷ್ಟ್ರೊಬ್ಬರು ಭಾನುವಾರಗಳಲ್ಲಿ ನಮ್ಮಂಥ ಆಸಕ್ತರನ್ನು ಗುಡ್ಡಕಾಡು ಸುತ್ತಿಸುತ್ತಿದ್ದರು. ಆ ಸಲ ನಗರಗೆರೆಯ ಆಚೆಗಿನ ಗುಡ್ಡ. ನಾವು ನಾಲ್ಕೈದು ಜನ, ಜೊತೆಗೆ ನನ್ನ ಏಳು ವರ್ಷದ ಮಗಳು. ನಾನು ಹೋದಲ್ಲೆಲ್ಲ ಅವಳು ಬರಲೇಬೇಕು, ಹಟಮಾರಿ.

"ಇದು ತಾನಾಗಿ ಬೆಳೆದ ಕಾಡು ಅನ್ಕೊಂಡಿದ್ದೀರಲ್ಲ?" ಎಂದರು ಮೇಷ್ಟ್ರು, ಕುರುಚಲಿನ ಬುಡದಿಂದ ಒಂದು ಕಪ್ಪು ಉಂಡೆ ಎತ್ತಿ. "ಇದು ಕಬ್ಬಿಣದ ಕಿಟ್ಟ. ಕಬ್ಬಿಣ ಕರಗಿಸೋಕೆ ಇದ್ದಲು ಬೇಕು, ಇದ್ದಲಿಗೆ ಮರ ಬೇಕು. ಹಳೇ ಕಾಲದೋರು ಕಡಿದ್ರು. ದನಕ್ಕೆ ಎಳೇ ಹುಲ್ಲು ಬರ್ಲಿ ಅಂತ ಬೆಂಕಿ ಹಾಕಿದ್ರು. ಬೆಂಕಿ ತಡ್ಕೊಳ್ಳೋ ಗಿಡ ಮಾತ್ರ ಉಳ್ಕೊಂಡ್ವು. ಈ ಕಾಡನ್ನ ಹಿಂಗೆ ಮಾಡಿದ್ದು ಆ ಜನಾನೇ ಕಣಮ್ಮ."

ಆ ಜನ ತಮ್ಮವರನ್ನು ಹೂಳಿದ ಜಾಗವೂ ಅಲ್ಲೇ ಇತ್ತು. ಗುಂಡುಕಲ್ಲುಗಳ ದೊಡ್ಡ ವೃತ್ತ, ನಡುವೆ ಒಂದು ಚಪ್ಪಡಿ. ಅರ್ಧ ಕಲ್ಲುಗಳನ್ನು ಯಾರೋ ಹೊತ್ತೊಯ್ದಿದ್ದರು. ಇಲ್ಲದ ಅರ್ಧ ನಮ್ಮ ಕಣ್ಣಿಗೆ ಕಾಣಲಿ ಎಂದು ಮೇಷ್ಟ್ರು ರಂಗೋಲಿ ಪುಡಿಯಲ್ಲಿ ಗೆರೆ ಎಳೆದರು. ಅಳತೆ ಟೇಪಿನ ತುದಿ ಹಿಡಿದುಕೊಳ್ಳಲು ಮಗಳನ್ನು ಚಪ್ಪಡಿಯ ಮೇಲೆ ನಿಲ್ಲಿಸಿದರು. ಪೊದೆ ಸವರಿದ ಮಚ್ಚು ಪಕ್ಕದಲ್ಲಿ ಬಿದ್ದಿತ್ತು. ಪಾನಕಕ್ಕೆಂದು ತಂದ ನಿಂಬೆಹಣ್ಣುಗಳನ್ನು ನಾನು ಕೊಯ್ದು ಕಲ್ಲಿನ ಮೇಲೆ ಇಟ್ಟಿದ್ದೆ.

ನಿಧಿಗಳ್ಳರು ಇಂಥ ಗೋರಿಗಳನ್ನು ಅಗೆಯುತ್ತಾರೆ, ಅದಕ್ಕೆ ಮೊದಲು ಚೊಚ್ಚಲ ಮಗುವನ್ನು ಬಲಿ ಕೊಡುತ್ತಾರೆ ಎನ್ನುವ ಸುದ್ದಿ ಆ ಬೇಸಿಗೆ ಊರೂರಲ್ಲಿ ಹಬ್ಬಿತ್ತು. ನಾವು ಹೇಗೆ ಕಾಣುತ್ತಿದ್ದೇವೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮೊದಲ ಕಲ್ಲು ಮೇಷ್ಟ್ರ ಕಿವಿಗೆ ಬಡಿಯಿತು. ದೊಣ್ಣೆ ಹಿಡಿದವರು ಪೊದೆಗಳಿಂದ ನುಗ್ಗಿ ಬಂದರು. "ಮಗೂನ ಬಲಿ ಕೊಡ್ತೀರೇನ್ರೋ" ಎನ್ನುತ್ತಲೇ ಬಡಿದರು. "ಪಾಠ ಮಾಡ್ತಿದ್ದೀನಿ ಕಣಪ್ಪ" ಎಂದ ಮೇಷ್ಟ್ರ ಬಾಯಿಗೇ ಏಟು ಬಿತ್ತು. ಬಿದ್ದ ಮೇಲೂ ಅವರನ್ನು ಬಿಡಲಿಲ್ಲ. ಅವರ ಬಾಯಿಂದ ಹಲ್ಲು, ರಕ್ತ ಎಲ್ಲ ರಂಗೋಲಿಯ ಮೇಲೆ ಬಿತ್ತು. ನಮ್ಮ ಜೊತೆ ಬಂದಿದ್ದ ಉಳಿದವರು ದಿಕ್ಕಾಪಾಲಾಗಿ ಓಡಿದರು. ಅಷ್ಟರಲ್ಲಿ ಮೇಕೆ ಕಾಯುತ್ತಿದ್ದ ಹೆಂಗಸೊಬ್ಬಳು ನನ್ನ ಮಗಳನ್ನು ಬಾಚಿಕೊಂಡು ಹುಣಸೆಮರದ ಕಡೆ ಓಡಿದಳು.

"ಅವಳು ನನ್ನ ಮಗಳು" ಎಂದು ನಾನು ಕಿರುಚಿದೆ. ಒಬ್ಬ ನನ್ನ ಜಡೆ ಹಿಡಿದು ಕೆಡವಿದ. "ಹೆತ್ತ ತಾಯಿ ಮಗೂನ ಇಲ್ಲಿ ನಿಲ್ಲಿಸ್ತಾಳೇನೆ?" ಎಂದು ಹೊಟ್ಟೆಗೆ ಒದ್ದ. ನನ್ನ ಕೈಗೆ ಮಚ್ಚು ಸಿಕ್ಕಿತು. ಅವನ ತೋಳಿಗೆ ಬೀಸಿದೆ. ಇವತ್ತು ಹಾಗೇ ಆದರೆ ಇವತ್ತೂ ಬೀಸುತ್ತೇನೆ, ಇದರಲ್ಲಿ ಮುಚ್ಚುಮರೆಯೇನಿಲ್ಲ. ಅವನ ರಕ್ತ ನನ್ನ ಮುಖಕ್ಕೆ ಚಿಮ್ಮಿತು. ಮಿಕ್ಕವರು ಹಿಂದೆ ಸರಿದರು.

ಪೊಲೀಸರು ಬಂದು ನಿಜ ತಿಳಿದದ್ದು, ಮೇಷ್ಟ್ರು ಬದುಕಿಕೊಂಡದ್ದು, ಆ ಮನುಷ್ಯನ ತೋಳು ಉಳಿದದ್ದು, ಅದೆಲ್ಲ ಆಮೇಲಿನ ಮಾತು. ಆ ಗಳಿಗೆಯಲ್ಲಿ ನನಗೆ ಬೇಕಾಗಿದ್ದದ್ದು ಮಗಳು ಮಾತ್ರ. ಮಚ್ಚು ಹಿಡಿದೇ ಹುಣಸೆಮರದ ಬಳಿಗೆ ಹೋದೆ.

"ಕೊಡು ನನ್ನ ಮಗೂನ" ಎಂದೆ.

ಆ ಹೆಂಗಸಿನ ಕೈಯಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಆದರೂ ಮಗಳನ್ನು ಹಿಂದಕ್ಕೆ ದೂಡಿ ನನಗೆ ಅಡ್ಡ ನಿಂತಳು. "ಚಂಪಿನಾ ಇಯ್ಯನು" ಎಂದಳು ತೆಲುಗಿನಲ್ಲಿ, ಕೊಂದರೂ ಕೊಡುವುದಿಲ್ಲ ಎಂದು. ಆಮೇಲೆ ಮಗಳ ಕಡೆ ತಿರುಗಿ ಕನ್ನಡದಲ್ಲಿ ಮೆತ್ತಗೆ ಕೇಳಿದಳು.

"ಹೆದರ್ಕಬೇಡ ಕಣಮ್ಮ, ನಾನಿದ್ದೀನಿ. ಇವ್ಳು ನಿಮ್ಮಮ್ಮಾನಾ?"

ಮಗಳು ನನ್ನ ಮುಖ ನೋಡಿದಳು, ಮಚ್ಚು ನೋಡಿದಳು. "ಅಲ್ಲ" ಎಂದು ಆ ಹೆಂಗಸಿನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.