ಎಡಗಿವಿಯ ಗ್ರೀಸು

ಅವರ ಬಲಗಿವಿ ಎಲ್ಲರ ಕಿವಿಯ ಹಾಗೆಯೇ ಇತ್ತು. ಎಡಗಿವಿ ಮಾತ್ರ ಕರ್ರಗೆ, ರೊಟ್ಟಿ ಹಂಚಿನ ತಳದ ಹಾಗೆ. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿನ ಮೇಲಿಟ್ಟು, ಹಿಡಿಕೆಯನ್ನು ಎಡಗಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುವುದು ಅವರ ಪದ್ಧತಿ. ಹಿಡಿಕೆಯ ಗ್ರೀಸು ವರ್ಷಗಟ್ಟಲೆ ಕಿವಿಯ ಮಡಿಕೆಗಳಲ್ಲಿ ಕೂತು ಚರ್ಮವೇ ಆಗಿಹೋಗಿತ್ತು. ಬಿಳಿ ಗಡ್ಡ, ಬಿಳಿ ಟೋಪಿ, ನಡುವೆ ಈ ಕರಿ ಕಿವಿ. ಮೊದಲ ಸಲ ಕಂಡಾಗ ನನ್ನ ಮಗಳು ಸೆರಗು ಜಗ್ಗಿ, "ಮಮ್ಮಿ, ಈ ತಾತಾಗ ದೃಷ್ಟಿಬೊಟ್ಟು ಕಿವಿಗೆ ಹಚ್ಯಾರ" ಅಂದಳು.

"ಏನಂತೈತಿ ಕೂಸು?" ಎಂದು ಅವರು ನನ್ನನ್ನು ಕೇಳಿದರು. ನಾನು ನಾಚುತ್ತಲೇ ಜೋರಾಗಿ ಹೇಳಿದೆ.

"ಖರೇನ ಐತಿ. ನನ್ನಂಥಾ ಚೆಲುವಗ ದೃಷ್ಟಿ ಆಗಬಾರದಲ್ಲ" ಎಂದು ನಕ್ಕರು.

ಗಂಗಾವತಿಯ ಕೊಪ್ಪಳ ರಸ್ತೆಯಲ್ಲಿ, ಅಕ್ಕಿ ಗಿರಣಿಗಳ ಸಾಲಿನಲ್ಲಿ ಒಂದು ಬೇವಿನ ಮರ. ಅದರ ಕೆಳಗೆ ತಗಡಿನ ಗ್ಯಾರೇಜು, ಹಿಂದೆಯೇ ಮನೆ. ಊರಿಗೆಲ್ಲ ಅವರು ಮಿಸ್ತ್ರಿ. ನನಗೆ ಚಾಚಾ.

ನಮಗೊಂದು ಗಾಡಿ ಬೇಕೇ ಬೇಕಾಗಿತ್ತು. ಅತ್ತೆಯವರ ಮೊಣಕಾಲಿಗೆ ಬಸ್ಸಿನ ಮೆಟ್ಟಿಲು ಹತ್ತುವ ಶಕ್ತಿ ಉಳಿದಿರಲಿಲ್ಲ. ನಮ್ಮ ಮನೆಯವರು ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಹೊಸದು ಕೊಳ್ಳುವ ಮಾತು ದೂರ. ಕುಷ್ಟಗಿಯ ಒಬ್ಬರಿಂದ ನಾಲ್ಕು ಲಕ್ಷಕ್ಕೆ ಏಳು ಸೀಟಿನ ಹಳೆಯ ದೊಡ್ಡ ಗಾಡಿ ಬಂತು. ಒಂದೇ ಕೈಯಲ್ಲಿ ಓಡಿದ್ದು, ಮೀಟರಿನಲ್ಲಿ ಅರವತ್ತು ಸಾವಿರ ಕಿಲೋಮೀಟರು, ಸಂತೆಗೂ ಒಯ್ದವರಲ್ಲ ಎಂದು ಮಾರಿದವರು ಹೇಳಿದ್ದರು. ಹುಲಿಗೆಮ್ಮನ ದಯೆ ಎಂದು ನಾನು ಐದು ಕಾಯಿ ಒಡೆಸಿದೆ.

ತಿಂಗಳೊಳಗೆ ಅದನ್ನು ಚಾಚಾನ ಹತ್ತಿರ ಒಯ್ಯಬೇಕಾಯಿತು. ಅವರದೊಂದು ನಿಯಮವಿತ್ತು. ಗಾಡಿ ತೋರಿಸಲು ಬರುವವರು ಪಕ್ಕದ ಸೀಟಿನಲ್ಲಿ ಕೂರುವವರನ್ನೂ ಕರೆತರಬೇಕು. "ಮಿಸ್ತ್ರಿ ಕಡೆ ಹೋಗೂಮುಂದ ಆರ್‌ಸಿ ಇಲ್ಲಂದ್ರೂ ನಡೀತೈತಿ, ಹೆಂಡ್ತಿ ಬೇಕು" ಎಂದು ಊರಲ್ಲಿ ನಗುತ್ತಿದ್ದರು.

"ಏನ್ ತೊಂದರಿ ಐತಿ?" ಎಂದು ಚಾಚಾ ಕೇಳಿದರು.

"ಏನಿಲ್ಲ ಮಿಸ್ತ್ರಿ, ಫಸ್ಟ್ ಕ್ಲಾಸ್ ಗಾಡಿ. ಎಸಿ ಅಷ್ಟ ಸ್ವಲ್ಪ ಕಮ್ಮಿ ಹೊಡೀತೈತಿ" ಎಂದರು ನಮ್ಮವರು.

ಚಾಚಾ ನನ್ನ ಕಡೆ ತಿರುಗಿದರು. "ನಿನಗೇನ್ ಕೇಳಸ್ತೈತಿ ಬೇಟಿ? ಹೊಡಿಯೋರಿಗೆ ರಸ್ತಾ ಕಾಣ್ತೈತಿ. ಬಾಜೂಕ ಕುಂತೋರಿಗೆ ಗಾಡಿ ಕೇಳಸ್ತೈತಿ."

ಮದುವೆಯಾಗಿ ಹನ್ನೆರಡು ವರ್ಷಗಳಲ್ಲಿ ನನಗೇನು ಕೇಳಿಸುತ್ತದೆ ಎಂದು ಯಾರೂ ಕೇಳಿರಲಿಲ್ಲ. ಅದೂ ಗಾಡಿಯ ವಿಷಯದಲ್ಲಿ. ಬಾಯಿಗೆ ಬಂದದ್ದನ್ನು ಹೇಳಿದೆ. ಉಬ್ಬು ಹತ್ತಿಳಿದಾಗ ಮುಂದೆ ಎಡಕ್ಕೆ ಖಾಲಿ ಕೊಡ ಕುಕ್ಕಿದ ಹಾಗೆ ಸಪ್ಪಳ. ಏರಿನಲ್ಲಿ ಕುಕ್ಕರ್ ಸೀಟಿ ಹೊಡೆಯುವ ಮುಂಚೆ ಅಳುತ್ತದಲ್ಲ, ಅಂಥದ್ದು. ಗೇರು ಬದಲಿಸುವಾಗ ಸುಟ್ಟ ವಾಸನೆ.

ನಮ್ಮವರು ನನ್ನನ್ನೇ ನೋಡಿದರು. ಚಾಚಾ ಗಾಡಿಯ ಕೆಳಗೆ ತೂರಿ, ಸ್ವಲ್ಪ ಹೊತ್ತಿಗೆ ಹೊರಗೆ ಬಂದು ಬೆರಳು ಮಡಿಸಿ ಹೇಳತೊಡಗಿದರು. ಖಾಲಿ ಕೊಡ ಅಂದರೆ ಮುಂದಿನ ಬುಷ್‌ಗಳು. ಕುಕ್ಕರಿನ ಗ್ಯಾಸ್ಕೆಟ್ಟಿನಂಥ ರಬ್ಬರು, ಸವೆದು ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿದೆ, ಏಳು ಸಾವಿರ. ಸುಟ್ಟ ವಾಸನೆ ಕ್ಲಚ್ಚು, ಹದಿನೆಂಟು ಸಾವಿರ. ಅಳುವುದು ಟರ್ಬೊ. "ಒಲಿಗೆ ಊದುಗೊಳವಿ ಇದ್ದಂಗ ಇಂಜಿನ್ನಿಗೆ ಇದು. ಎಣ್ಣಿ ಕುಡಿಯಾಕ ಹತ್ತೈತಿ. ಹೊಸದಾದ್ರ ನಲವತ್ತರ ಮ್ಯಾಲೆ, ರಿಪೇರಿ ಆದ್ರ ಹದಿನೈದು." ಬ್ರೇಕಿನ ಪ್ಯಾಡು, ಡಿಸ್ಕು ಬೇರೆ. ಆಮೇಲೆ ಬ್ರೇಕ್ ಪೆಡಲಿನ ರಬ್ಬರನ್ನು ಹೆಬ್ಬೆರಳಿನಿಂದ ಸವರಿ, "ಅರವತ್ತು ಸಾವಿರ ಓಡಿದ್ದಲ್ಲ ಇದು. ಎರಡು ಲಕ್ಷ ದಾಟೈತಿ. ಮೀಟರ್ ತಿರುವ್ಯಾರ. ಈ ರಬ್ಬರ್ ನೋಡ್ರಿ, ಹಳೇ ಚಪ್ಪಲಿ ಹಿಮ್ಮಡ ಸವದಂಗ ಸವದೈತಿ. ಇದನ್ನ ಯಾರೂ ತಿರುವಾಕ ಆಗಂಗಿಲ್ಲ" ಎಂದರು.

ನಾನು ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕುಳಿತುಬಿಟ್ಟೆ. ನಮ್ಮವರ ಮುಖ ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ಬಂದಿತ್ತು. ಎದುರು ಕೂತು ಚಹಾ ಕುಡಿಸಿ, ದೇವರ ಫೋಟೊದ ಮುಂದೆ ಕೀಲಿ ಕೊಟ್ಟ ಮನುಷ್ಯ ಹೀಗೆ ಮಾಡಬಹುದೆಂದು ನನಗೆ ನಂಬಲಾಗಲಿಲ್ಲ.

"ಹೆದರಬ್ಯಾಡ್ರಿ" ಎಂದರು ಚಾಚಾ. "ಗಾಡಿ ಒಂದ ದಿನಕ್ಕ ಕೆಟ್ಟಿಲ್ಲ. ಒಂದ ದಿನಕ್ಕ ರಿಪೇರಿ ಆಗೂದೂ ಬ್ಯಾಡ. ಮೊದಲ ನಿಲ್ಲೂದು, ಆಮ್ಯಾಲೆ ಓಡೂದು, ಕಡೀಕ ತಂಪು."

ನಿಲ್ಲುವುದೆಂದರೆ ಬ್ರೇಕು, ಓಡುವುದೆಂದರೆ ಇಂಜಿನ್ನು, ತಂಪು ಎಂದರೆ ನಮ್ಮವರು ಕೇಳಲು ಹೋಗಿದ್ದ ಎಸಿ. ಅದೇ ಕ್ರಮದಲ್ಲಿ ವರ್ಷವಿಡೀ ಗಾಡಿ ಸುಧಾರಿಸಿತು. ಎಸಿ ಇನ್ನೂ ಆಗಿಲ್ಲ. ಕಿಟಕಿಗಳಿವೆ, ಗಾಳಿ ಬರುತ್ತದೆ, ಅದೂ ದೇವರು ಕೊಟ್ಟದ್ದೇ.

ಚಾಚಾ ಫೋನಿನಲ್ಲಿ ಮಾತಾಡುತ್ತಿರಲಿಲ್ಲ. ಯಾವಾಗಲೂ ಅವರ ಹೆಂಡತಿ, ಚಾಚಿಯೇ ಎತ್ತುತ್ತಿದ್ದರು. ಎದುರಿಗೆ ಮಾತಾಡಿದರೂ, "ಜೋರ್ ಹೇಳು ಬೇಟಿ, ಗಿರಣಿ ಸಪ್ಪಳ ಭಾಳ" ಎನ್ನುತ್ತಿದ್ದರು. ಗಿರಣಿಗೆ ರಜೆಯಿದ್ದ ದಿನವೂ ಒಮ್ಮೆ ಹಾಗಂದಾಗ ನಾನು ನಕ್ಕಿದ್ದೆ.

ಮರೆಯಲಾಗದ ಒಂದು ಘಟನೆ ನಡೆದದ್ದು ಎರಡನೆಯ ವರ್ಷ. ಯಲಬುರ್ಗಾಕ್ಕೆ ಕೊಟ್ಟ ನಾದಿನಿ ಮಗನ ಜಾವಳ, ಹುಟ್ಟುಗೂದಲು, ತೆಗೆಸಲೆಂದು ಬಂದಿದ್ದಳು. ಹೇಮಗುಡ್ಡದ ದುರ್ಗಮ್ಮನಿಗೆ ಹರಕೆ. ಪೂಜೆ ಮುಗಿಸಿ ಸಾಣಾಪುರದ ಕೆರೆಯ ಕಡೆ ಹೋಗಿ ಬುತ್ತಿ ಉಂಡು ಬರುವುದೆಂದು ನಮ್ಮವರು ಹುರುಪಿನಲ್ಲಿದ್ದರು. ಹಿಂದಿನ ದಿನ ಕಾಯಿಪಲ್ಯೆ ತರಲು ಹೋದಾಗ, ಬ್ರೇಕು ತುಳಿದಾಗೆಲ್ಲ ನನ್ನ ಮುಂದೆ ಎಲ್ಲೋ "ಸ್ಸ್" ಎಂದು ಸಣ್ಣ ಸದ್ದು ಬರುತ್ತಿತ್ತು.

"ರೀ, ಏನೋ ಉಸಿರು ಬಿಟ್ಟಂಗ ಆಗ್ತೈತಿ."

"ನೀನ ಉಸಿರು ಬಿಡಾಕತ್ತಿ" ಎಂದು ನಮ್ಮವರು ರೇಡಿಯೊ ಜೋರು ಮಾಡಿದರು. "ಬ್ರೇಕ್ ಸ್ವಲ್ಪ ಗಟ್ಟಿ ಆಗ್ಯಾವ ಅಷ್ಟ. ಹೊಸಾ ಪ್ಯಾಡ್ ಅಲ್ಲೇನು."

ಮನೆಗೆ ಬಂದು ಚಾಚಿಗೆ ಫೋನು ಮಾಡಿ ಹೇಳಿದೆ. ಮೊಬೈಲಿನಲ್ಲಿ ಕರೆನ್ಸಿ ಮುಗಿಯುತ್ತ ಬಂದಿತ್ತು. ಆ ಒಂದು ಮಾತಿಗೆ ಉಳಿದಿತ್ತಲ್ಲ, ಅದನ್ನು ನಾನು ಅಮ್ಮನ ಕೃಪೆಯೆಂದೇ ಎಣಿಸುತ್ತೇನೆ.

ಬೆಳಿಗ್ಗೆ ಬುತ್ತಿ, ಕೊಡ, ಕೂಸಿನ ಹೊಸ ಅಂಗಿ ಎಲ್ಲ ಗಾಡಿಗೇರಿ, ಅತ್ತೆಯವರೂ ಹತ್ತಿ ಕುಳಿತಾಗ ಚಾಚಾನ ಮೊಪೆಡ್ ಬಂದು ನಿಂತಿತು. ಕರೆಯದೆ ಬಂದ ಮಿಸ್ತ್ರಿಯನ್ನು ಕಂಡು ನಮ್ಮವರಿಗೆ ಸಿಟ್ಟು.

"ಮಿಸ್ತ್ರಿ, ಹೊತ್ತಾಗೈತಿ. ಪೂಜಾರಿ, ಕ್ಷೌರದವ ಎಲ್ಲಾ ಕಾಯಾಕತ್ಯಾರ. ನಾಳಿ ನೋಡಿದ್ರ ಆತು."

ಚಾಚಾ ಕೈ ಒಳಗೆ ಹಾಕಿ ಬಾನೆಟ್ ಎತ್ತಿದರು. "ಚಾಲೂ ಮಾಡಿ ಬ್ರೇಕ್ ತುಳೀರಿ. ಬೇಟಿ, ನೀ ಇಳಿದು ಬಾ." ಸ್ಕ್ರೂಡ್ರೈವರ್ ತಮ್ಮ ಕಿವಿಗಿಡಲಿಲ್ಲ. ನನ್ನ ಕೈಗೆ ಕೊಟ್ಟರು. "ಹಚ್ಚಿಕೋ. ಹೇಳು, ಎಲ್ಲಿಂದ? ಎಡಕೋ, ಬಲಕೋ?"

ರೇಷ್ಮೆ ಸೀರೆ, ಮೂಗಿನಲ್ಲಿ ನತ್ತು, ಕಿವಿಗೆ ಗ್ರೀಸಿನ ಹಿಡಿಕೆ. ನಾದಿನಿ ನಕ್ಕಳು. ಅತ್ತೆಯವರು ಒಳಗಿನಿಂದಲೇ, "ಅಕೀನ್ನ ಮಿಸ್ತ್ರಿ ಮಾಡಿ ಬಿಡ್ರಿ, ಅಡಿಗಿ ನಾವ ಮಾಡ್ಕೊಂತೀವಿ" ಎಂದರು. ಚಾಚಾ ನಗಲಿಲ್ಲ. ಸಾಲಿ ಮಾಸ್ತರರು ಮಗ್ಗಿ ಕೇಳಿದ ಹಾಗೆ ಮತ್ತೆ ಮತ್ತೆ ಕೇಳಿದರು. "ಇಲ್ಲೇನು? ಇಲ್ಲಿ ಕಮ್ಮಿ ಆತೇನು? ಖಾತ್ರಿ ಹೇಳು." ಅವರು ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡೆ. ತುದಿ ಸರಿಸುತ್ತ ಸರಿಸುತ್ತ ಮುಂದಿನ ಗಾಜಿನ ಬುಡದ ಹತ್ತಿರ ಬಂದಾಗ ಕಿವಿಯೊಳಗೆ ಊದುಗೊಳವಿ ಊದಿದಂತೆ ಸದ್ದು ತುಂಬಿತು.

"ಇಲ್ಲೇ ಚಾಚಾ. ಇಲ್ಲೇ."

ಅವರು ಕೈ ಇಳಿಬಿಟ್ಟು ಒಂದು ಕರಿ ರಬ್ಬರ್ ನಳಿಗೆಯನ್ನು ಮೆಲ್ಲಗೆ ಎಳೆದರು. ಅದು ತುಂಡಾಗಿ ಕೈಗೆ ಬಂತು. ತುದಿಯೆಲ್ಲ ಇಲಿಯ ಹಲ್ಲಿನ ಗುರುತು.

"ಬ್ರೇಕಿನ ಗಾಳಿ ನಳಿಗಿ ಇದು. ಇದು ಹರಿದ್ರ ಪೆಡಲ್ ಕಲ್ಲಾಗ್ತೈತಿ. ಎರಡೂ ಕಾಲಿಲೆ ತುಳದ್ರೂ ಗಾಡಿ ಬ್ಯಾಗ ನಿಲ್ಲಂಗಿಲ್ಲ." ಚಾಚಾ ಗಾಡಿಯೊಳಗೆ ಕುಳಿತವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. "ಒಂದ ಎಳಿ ಮ್ಯಾಲೆ ನಿಂತಿತ್ತು."

ಗುಡ್ಡದ ಇಳಿಜಾರು, ಸಾಣಾಪುರದ ದಾರಿಯ ಕಾಲುವೆ, ಹಿಂದಿನ ಸೀಟಿನಲ್ಲಿ ಆಡುವ ಮಕ್ಕಳು. ನಮ್ಮವರು ಕೀಲಿ ತೆಗೆದು ಚಾಚಾನ ಕೈಗೆ ತಾವೇ ಇಟ್ಟರು. ನಾದಿನಿ ಕೂಸನ್ನು ಎದೆಗವಚಿಕೊಂಡು ಕೆಳಗಿಳಿದಳು.

ಇಷ್ಟಕ್ಕೇ ಮುಗಿಯಲಿಲ್ಲ. ನಳಿಗೆಯ ಹಿಂದಿನಿಂದ ಚಾಚಾ ಇಲಿಯ ಗೂಡನ್ನೇ ಹೊರತೆಗೆದು ಅಂಗೈಯಲ್ಲಿ ಹಿಡಿದರು. ಹಳದಿ ಅಕ್ಷತೆ, ಒಣಗಿದ ಚೆಂಡುಹೂವು, ಕೊಬ್ಬರಿಯ ಚೂರು, ಹತ್ತಿಯ ಬತ್ತಿ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿಪೂಜೆ ತಪ್ಪಿಸುವುದಿಲ್ಲ. ಗಾಡಿಗೆ ಒಳ್ಳೆಯದಾಗಲಿ ಎಂದು ತಿಂಗಳು ತಿಂಗಳೂ ಬಾನೆಟ್ಟಿನ ಮೇಲೆ ಬೊಗಸೆ ಅಕ್ಷತೆ ಸುರಿದವಳು ನಾನು, ಗಾಜಿನ ಮುಂದೆ ಕಾಯಿಯ ಹೋಳು ಇಟ್ಟವಳೂ ನಾನೇ. ಅದೆಲ್ಲ ವೈಪರಿನ ಕೆಳಗಿನ ಸಂದಿಯಲ್ಲಿ ಇಳಿದಿತ್ತು. ನಮ್ಮ ಓಣಿಯ ಇಲಿಗಳಿಗೆ ಕರೆದು ಉಣಬಡಿಸಿದ ಹಾಗಾಗಿತ್ತು.

"ಇದೇನ ನಿನ್ನ ಪೂಜಿ?" ಎಂದರು ಅತ್ತೆಯವರು.

"ಬೈಬ್ಯಾಡ್ರಿ ಅಮ್ಮಾ" ಎಂದು ಚಾಚಾ ನಡುವೆ ಬಂದರು. "ಗಣಪತಿ ಗಾಡಿ ನಿಮ್ಮ ಗಾಡಿ ಮ್ಯಾಲೆ ಹಲ್ಲು ಹಾಕೈತಿ. ಅದು ಗಾಡಿ ಗಾಡಿ ಜಗಳ, ನಮಗ್ಯಾಕ? ಹಾಕಿದ್ದೂ ಇಕಿನ, ಕಂಡುಹಿಡದದ್ದೂ ಇಕಿನ. ಲೆಕ್ಕ ಚುಕ್ತಾ." ಆ ಅಕ್ಷತೆಯನ್ನು ಕಸಕ್ಕೆ ಎಸೆಯಲಿಲ್ಲ, ತುಳಸಿಕಟ್ಟೆಯ ಬುಡಕ್ಕೆ ಹಾಕಿ ಬಂದು ನನಗೆ ಮೆಲ್ಲಗೆ ಹೇಳಿದರು. "ಪೂಜಾ ಬಿಡಬ್ಯಾಡ ಬೇಟಿ. ಅಕ್ಷತಿ ಗಾಲಿಗೆ ಹಾಕು, ಕಾಯಿ ದೂರ ಒಡಿ. ಪೂಜಾ ಆದಮ್ಯಾಲೆ ಬಾನೆಟ್ ತೆಗದು ಒಮ್ಮಿ ನೋಡು. ನೋಡೂದೂ ಪೂಜಾನ ಐತಿ."

ಎರಡು ಆಟೋ ಮಾಡಿಕೊಂಡು ಹೇಮಗುಡ್ಡಕ್ಕೆ ಹೋದೆವು. ಜಾವಳವಾಯಿತು. ಮಂಗಳಾರತಿಯ ಬೆಳಕಿನಲ್ಲಿ ಮಗಳು ನನ್ನ ಎಡಗಿವಿಯ ಗ್ರೀಸನ್ನು ಸೆರಗಿನಿಂದ ಉಜ್ಜಿದಳು. ಸೆರಗು ಕೆಟ್ಟಿತು, ಗ್ರೀಸು ಹೋಗಲಿಲ್ಲ. ಇದ್ದುಕೊಳ್ಳಲಿ ಎಂದೆ.

ಕಳೆದ ಮಳೆಗಾಲದಲ್ಲಿ ಒಂದು ಶುಕ್ರವಾರ ಚಾಚಾ ನಮಾಜಿಗೆಂದು ಕೈಕಾಲು ತೊಳೆದು, ಬೇವಿನ ಕಟ್ಟೆಯ ಮೇಲೆ ಕುಳಿತವರು ಏಳಲಿಲ್ಲ. ಅದರ ಹಿಂದಿನ ದಿನ ನಮ್ಮ ಗಾಡಿಯ ಆಯಿಲ್ ಬದಲಿಸಿದ್ದರು. ಸುದ್ದಿ ಬಂದಾಗ ನಾನು ರೊಟ್ಟಿ ತಟ್ಟುತ್ತಿದ್ದೆ. ಹಂಚಿನ ಮೇಲಿನ ರೊಟ್ಟಿ ಹಾಗೇ ಕರಕಾಯಿತು.

ಅವರ ಮನೆಯ ಬಾಗಿಲಲ್ಲಿ ನಾನು ಅನುಮಾನಿಸಿ ನಿಂತಿದ್ದೆ. ಚಾಚಿ ನೋಡಿ, "ಬಾ ಒಳಗ. ಬಾಯಿ ತುಂಬ ಬೇಟಿ ಅಂತಿದ್ರು" ಎಂದು ಕರೆದರು. ಮುಖದ ಮೇಲಿನ ಬಟ್ಟೆ ಸರಿಸಿದರು. ಇವರು ಬೇರೆ ಯಾರೋ ಎಂದು ಒಂದು ಗಳಿಗೆ ಅನಿಸಿತು. ಸ್ನಾನ ಮಾಡಿಸಿದವರು ತಿಕ್ಕಿ ತಿಕ್ಕಿ ತೊಳೆದಿದ್ದರು. ಎರಡೂ ಕಿವಿ ಒಂದೇ ಬಣ್ಣ.

"ನಲವತ್ತು ವರ್ಷದಾಗ ಇವತ್ತ ಹೋತು ಆ ಮಸಿ" ಎಂದರು ಚಾಚಿ. ಆಮೇಲೆ ನನ್ನ ಕೈ ಹಿಡಿದು, ಪಕ್ಕದವರಿಗೆ ಕೇಳಿಸದ ಹಾಗೆ ಹೇಳಿದರು. "ಈಗ ಹೇಳಿದ್ರ ಏನೂ ಆಗಂಗಿಲ್ಲ. ಆ ಕಿವಿ ಬಂದ್ ಆಗಿ ಏಳೆಂಟು ವರ್ಷ ಆಗಿತ್ತು ಬೇಟಿ. ಬಲಗಿವಿಗೂ ಜೋರ್ ಮಾತಾಡಿದ್ರ ಅಷ್ಟ."

"ಮತ್ತ ಸ್ಕ್ರೂಡ್ರೈವರ್ ಹಚ್ಚಿ ನಿಲ್ತಿದ್ರಲ್ಲ ಚಾಚಿ?"

"ಎಲುಬಿಗೆ ನಡುಕ ತಿಳೀತೈತಿ ಅಂತಿದ್ರು. ಸಣ್ಣ ಸಪ್ಪಳ ತಿಳೀತಿರಲಿಲ್ಲ. ಅದಕ್ಕ ನಿಮ್ಮಂಥ ಹೆಣ್ಮಕ್ಕಳನ್ನ ಕೇಳೋರು. ಕಿವುಡ ಮಿಸ್ತ್ರಿ ಅಂತ ಗೊತ್ತಾದ್ರ ಗಂಡಸರು ಗಾಡಿ ತರಂಗಿಲ್ಲಂತ ಅಂಜಿಕಿ."

ಇಷ್ಟು ದಿನ ನನ್ನ ಮಕ್ಕಳ ಜೀವವನ್ನು ಕಿವಿ ಕೇಳದವರ ಕೈಗೆ ಕೊಟ್ಟಿದ್ದೆನೇ ಎಂದು ಮೊದಲು ಹೆದರಿದೆ. ಆಮೇಲೆ ಆ ಜಾವಳದ ಬೆಳಗು ಕಣ್ಣ ಮುಂದೆ ಬಂತು. ಇಲ್ಲೇನು, ಖಾತ್ರಿ ಹೇಳು ಎಂದು ಅವರು ಕೇಳಿದ್ದು ಪರೀಕ್ಷೆಯಾಗಿರಲಿಲ್ಲ. ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ. ನಾನು ತಪ್ಪು ಹೇಳಿದ್ದರೆ ಅವರೂ ಬಾನೆಟ್ ಮುಚ್ಚಿ ನಮ್ಮನ್ನು ಕಳಿಸಿಬಿಡುತ್ತಿದ್ದರೋ ಏನೋ. ಆದರೆ ಹೇಳುವವಳು ಇದ್ದಾಳೆಂದು ನಂಬಿ, ಬೆಳಿಗ್ಗೆ ಬೆಳಿಗ್ಗೆ ಮೊಪೆಡ್ ಹತ್ತಿ ಬಂದಿದ್ದರು.

ನಮ್ಮವರು ಹೆಗಲು ಕೊಟ್ಟು, ಮಣ್ಣು ಹಾಕಿ ಬಂದರು. ಮನೆಗೆ ಹೊರಟಾಗ ನಾನು ಚಾಚಿ ಹೇಳಿದ್ದನ್ನು ಅವರಿಗೆ ತಿಳಿಸಿದೆ. ಅವರು ಗಿರಣಿಗಳನ್ನು ದಾಟಿಸಿ ಗಾಡಿ ಓಡಿಸಿದರು. ಆಮೇಲೆ ಕೈ ಚಾಚಿ ರೇಡಿಯೊ ಬಂದ್ ಮಾಡಿದರು.

"ಏನರ ಕೇಳಸ್ತೈತೇನು ನಿನಗ?"

ನಾನು ಕಣ್ಣು ಮುಚ್ಚಿ ಕಿವಿಗೊಟ್ಟೆ. ಉಬ್ಬು ಬಂತು, ತಿರುವು ಬಂತು, ಬ್ರೇಕು ತುಳಿದರು. ಎಲ್ಲಿಯೂ ಒಂದು ಕೊಡ ಕುಕ್ಕಲಿಲ್ಲ, ಯಾವುದೂ ಉಸಿರು ಬಿಡಲಿಲ್ಲ. ಹಿಂದಿನ ದಿನವಷ್ಟೇ ಅವರ ಕೈ ಆಡಿದ ಗಾಡಿ.

"ಏನೂ ಇಲ್ಲ" ಎಂದೆ. "ಛಲೋ ಐತಿ."