ಕೂತಲ್ಲೇ ಲೋಕ ಬರೆದವನು

ಹೊಸಿಲು ದಾಟದೆ ನಾಲ್ಕು ಖಂಡಗಳ ಚರಿತ್ರೆ ಬರೆದ ಪುಣ್ಯಾತ್ಮನೊಬ್ಬ ನಾನೂರು ವರ್ಷಗಳ ಹಿಂದೆ ಫ್ರಾನ್ಸಿನಲ್ಲಿದ್ದ. ಕುವೈತಿನ ಶರ್ಕ್‌ ಪೇಟೆಯ ಕಚೇರಿಯೊಂದರಲ್ಲಿ ನಕ್ಷೆ ಬಿಡಿಸುತ್ತಿದ್ದ ಸದಾನಂದನಿಗೆ ಅವನೇ ದೇವರು. ಆ ಭೂಗೋಳ ಪಂಡಿತನ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆಯಲು ಕೂತು ಹನ್ನೊಂದು ವರ್ಷವಾಗಿತ್ತು, ಏಳು ನೋಟ್‌ಬುಕ್ ತುಂಬಿತ್ತು. ಹೆಂಡತಿ ರತ್ನಾವತಿ ಆ ಪಂಡಿತನನ್ನು "ನಿಮ್ಮ ಫ್ರೆಂಚ್ ಅಜ್ಜ" ಎನ್ನುತ್ತಿದ್ದಳು. ಸದಾನಂದನೂ ಅಜ್ಜನಿಗೆ ತಕ್ಕ ಶಿಷ್ಯ: ಅರ್ದಿಯಾದ ಮನೆ ಬಿಟ್ಟರೆ ಕಚೇರಿ. ಪೇಟೆ, ತರಕಾರಿ, ಆಸ್ಪತ್ರೆ ಎಲ್ಲ ರತ್ನಾವತಿಯ ಪಾಲು.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಿತು. ಸೈನಿಕರು ದಾರಿ ತಪ್ಪಲೆಂದು ಕುವೈತಿಗಳು ರಸ್ತೆಯ ಹೆಸರು, ಮನೆಯ ನಂಬರು ಎಲ್ಲ ಕಿತ್ತುಹಾಕಿದರು. ಸದಾನಂದನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಮಗಳು ಅನ್ವಿತಾಳ ಉಬ್ಬಸದ ಔಷಧಿ ಮುಗಿಯುತ್ತ ಬಂದಿತ್ತು, ಹೊಸದು ಎಲ್ಲೂ ಸಿಗುತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ ಸುದ್ದಿ ಬಂತು: ನಾಳೆ ಬೆಳಿಗ್ಗೆ ಹತ್ತಕ್ಕೆ ಊರಾಚೆಯ ಸುಲೈಬಿಯಾದ ಗೋದಾಮಿನ ಮುಂದಿನಿಂದ ಅಮ್ಮಾನ್‌ಗೆ ಬಸ್ಸು. ಅದು ತಪ್ಪಿದರೆ ಮುಂದಿನದು ಯಾವಾಗಲೋ, ದೇವರೇ ಬಲ್ಲ.

"ಬೇಕರಿಯ ಕಾಸಿಂ ಕುಂಞಿಯೂ ಅಲ್ಲಿಗೇ ಹೋಗುದಂತೆ. ಅವನ ರೊಟ್ಟಿ ವ್ಯಾನಿನ ಹಿಂದೆಯೇ ನಮ್ಮ ಕಾರಲ್ಲಿ ಹೋಗುವ," ಎಂದಳು ರತ್ನಾವತಿ.

"ಸುಲೈಬಿಯಾದ ನಕ್ಷೆ ಎಂಟು ಸಲ ಬಿಡಿಸಿದವ ನಾನು. ನನಗೆ ದಾರಿ ತೋರಿಸ್ಲಿಕ್ಕೆ ರೊಟ್ಟಿ ವ್ಯಾನಾ?"

ಬಿಡಿಸಿದ್ದು ನಿಜ. ಆ ಜಾಗವನ್ನು ಒಮ್ಮೆಯೂ ನೋಡಿರಲಿಲ್ಲ. ಹೆಸರಿಲ್ಲದ ರಸ್ತೆಗಳೆಲ್ಲ ಒಂದೇ ಥರ, ಗೋಡೆಗಳೆಲ್ಲ ಒಂದೇ ಬಣ್ಣ. ಅದೇ ಟಯರಿನ ರಾಶಿ ಮೂರನೇ ಸಲ ಎದುರಾದಾಗ ಗಂಟೆ ಹತ್ತಾಗಲು ಹನ್ನೆರಡು ನಿಮಿಷವಿತ್ತು.

"ಡ್ಯಾಡಿ, ಆರ್ ವಿ ಲಾಸ್ಟ್?" ಅನ್ವಿತಾಳ ಉಸಿರು ಸಿಳ್ಳೆ ಹಾಕುತ್ತಿತ್ತು.

ಸದಾನಂದ ಕಾರು ನಿಲ್ಲಿಸಿ ಸ್ಟಿಯರಿಂಗ್ ಮೇಲೆ ನಕ್ಷೆ ಹರಡಿದ. ಪುಸ್ತಕದ ಬದನೆಕಾಯಿ ಸಾರಿಗೆ ಬರುವುದಿಲ್ಲವೆಂದು ಈಗ ತಿಳಿದು ಏನು ಬಂತು? ನಾಚಿಕೆಗಿಂತ ಭಯವೇ ಹೆಚ್ಚಾಗಿತ್ತು.

"ನಕ್ಷೆ ಮಡಚಿ ಮಾರಾಯ್ರೆ," ಎಂದಳು ರತ್ನಾವತಿ. "ಆ ನೀರಿನ ಟ್ಯಾಂಕಿಯ ಹತ್ರ ಬಲಕ್ಕೆ ಹೋಗಿ. ಮುಂದೆ ಆಡಿನ ದೊಡ್ಡಿಯ ನಾತ ಬರ್ತದೆ, ಅಲ್ಲಿ ಎಡಕ್ಕೆ. ಶುಕ್ರವಾರ ಕಾಸಿಂ ಕುಂಞಿಯ ವ್ಯಾನಲ್ಲಿ ಸೊಪ್ಪಿಗೆ ಬರುದು ನಾನಲ್ವಾ?"

ನಾತ ಬಂತು. ಎಡಕ್ಕೆ ತಿರುಗಿಸಿದ. ಹೊರಟು ನಿಂತ ಬಸ್ಸಿನ ಬಾಗಿಲಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ಕಾಸಿಂ ಕುಂಞಿ ಡ್ರೈವರನನ್ನು ತಡೆಯುತ್ತಿದ್ದ. "ಯಲ್ಲಾ! ಯಲ್ಲಾ! ಬೇಗ ಬನ್ನಿ!" ಎಂದು ಕೂಗಿದ.

ಬಸ್ರಾ ದಾಟಿದ ಮೇಲೆ ಸದಾನಂದ ಏಳೂ ನೋಟ್‌ಬುಕ್ ತಿರುವಿ ಹಾಕಿದ.

"ಎಂತ ಹುಡುಕುದು?"

"ಅಜ್ಜನ ಹೆಂಡತಿಯ ಹೆಸರು. ಎಲ್ಲೂ ಬರೆದೇ ಇಲ್ಲ ನಾನು."

"ಸೊಪ್ಪು ತಂದವಳ ಹೆಸರು ಯಾರು ಬರೀತಾರೆ?" ಎಂದಳು ರತ್ನಾವತಿ, ಮಡಿಲಲ್ಲಿ ಮಲಗಿದ್ದ ಮಗಳ ಬೆನ್ನು ಸವರುತ್ತ.

ಸದಾನಂದ ಖಾಲಿ ಹಾಳೆ ತೆಗೆದು ಮೇಲೆ ರತ್ನಾವತಿಯ ಹೆಸರು ಬರೆದ. "ಆಡಿನ ದೊಡ್ಡಿಗೆ ಮೊದಲು ದಾರಿಯಲ್ಲಿ ಎಂತೆಲ್ಲ ಇತ್ತು, ಹೇಳು," ಎಂದ.